ಆರು ಸಾವಿರ ಜನರ ಊರು, ಒಂದು ಹಾಕಿ ತಂಡ: ಕೆನಡಾದ ಹಂಬೋಲ್ಟ್ ಬ್ರಾಂಕೋಸ್ ಕಥೆಯೇನು?

2018ರ ಏಪ್ರಿಲ್ 6, ಶುಕ್ರವಾರ ಸಂಜೆ. ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಐಸ್ ಹಾಕಿ ಆಟಗಾರರನ್ನು ಹೊತ್ತ ಬಸ್ಸೊಂದು ಬೇರೊಂದು ಊರಿನ ಪಂದ್ಯಕ್ಕೆ ಹೊರಟಿತ್ತು. ಪ್ಲೇಆಫ್ ಹಂತ ತಲುಪಿದ ಖುಷಿಗೆ ಹುಡುಗರು ಕೂದಲಿಗೆ ಹೊಂಬಣ್ಣ ಹಚ್ಚಿಕೊಂಡಿದ್ದರು. ಬಸ್ಸು ಊರು ಮುಟ್ಟಲಿಲ್ಲ. ಹೆದ್ದಾರಿಯ ಕ್ರಾಸ್‌ನಲ್ಲಿ ನಡೆದ ಅಪಘಾತದಲ್ಲಿ 16 ಮಂದಿ ಸತ್ತರು, 13 ಮಂದಿ ಗಾಯಗೊಂಡರು.

ಆ ತಂಡದ ಹೆಸರು ಹಂಬೋಲ್ಟ್ ಬ್ರಾಂಕೋಸ್. ಅದುವರೆಗೆ ಕೆನಡಾದ ಹಾಕಿ ಪ್ರಿಯರ ಆಚೆಗೆ ಅದರ ಹೆಸರು ಕೇಳಿದವರು ಕಡಿಮೆ. ಒಂದು ಸಣ್ಣ ಊರಿಗೆ ಹುಡುಗರ ತಂಡವೊಂದು ಯಾಕೆ ಅಷ್ಟು ಮುಖ್ಯ? ಈ ಪ್ರಕರಣಕ್ಕೂ ಭಾರತಕ್ಕೂ ಏನು ನಂಟು? ಇಲ್ಲಿದೆ ವಿವರ.

ಏನಿದು ಜೂನಿಯರ್ ಹಾಕಿ?

ನಾವು ಹುಲ್ಲಿನ ಮೇಲೋ ಟರ್ಫ್ ಮೇಲೋ ನೋಡುವ ಹಾಕಿಗಿಂತ ಐಸ್ ಹಾಕಿ ಬೇರೆ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಅಂಗಳದಲ್ಲಿ ಆಡುತ್ತಾರೆ. ಗೋಲ್‌ಕೀಪರ್ ಸೇರಿ ಒಂದು ಸಲಕ್ಕೆ ಆರು ಮಂದಿ ಕಣದಲ್ಲಿರುತ್ತಾರೆ. ಚೆಂಡಿನ ಬದಲು 'ಪಕ್' ಎಂಬ ಚಪ್ಪಟೆ ರಬ್ಬರ್ ಬಿಲ್ಲೆ ಇರುತ್ತದೆ.

ಕೆನಡಾದಲ್ಲಿ ವೃತ್ತಿಪರ ಆಟಕ್ಕೆ ಹೋಗುವ ಮುಂಚಿನ ಮೆಟ್ಟಿಲೇ ಜೂನಿಯರ್ ಹಾಕಿ. ಸಾಮಾನ್ಯವಾಗಿ 16ರಿಂದ 20 ವರ್ಷದ ಹುಡುಗರು ಇದರಲ್ಲಿ ಆಡುತ್ತಾರೆ. ಹಂಬೋಲ್ಟ್ ಇರುವ 'ಜೂನಿಯರ್ ಎ' ಹಂತದಲ್ಲಿ ಆಟಗಾರರಿಗೆ ಸಂಬಳವಿಲ್ಲ. ಕಾಲೇಜು ತಂಡಕ್ಕೆ ಸೇರಿ ಸ್ಕಾಲರ್‌ಶಿಪ್ ಪಡೆಯುವುದು ಬಹುತೇಕರ ಆಸೆ.

ಆಟಗಾರರಲ್ಲಿ ಹಲವರು ಬೇರೆ ಊರಿನವರು. ದೆಹಲಿಯ ಮುಖರ್ಜಿ ನಗರಕ್ಕೆ ಯುಪಿಎಸ್‌ಸಿ ಕೋಚಿಂಗ್‌ಗೆಂದು ಹೋಗುವ ನಮ್ಮ ಹುಡುಗರು ಪಿಜಿ ಹುಡುಕುತ್ತಾರಲ್ಲ, ಅಲ್ಲಿ ಹಾಗಲ್ಲ. ಊರಿನ ಕುಟುಂಬಗಳೇ ಆಟಗಾರರನ್ನು ಮನೆಗೆ ಕರೆದುಕೊಳ್ಳುತ್ತವೆ. ಊಟ, ಕೋಣೆ, ಬೆಳಗ್ಗೆ ಎಬ್ಬಿಸುವುದು ಎಲ್ಲವೂ ಆ ಮನೆಯವರದೇ. ಇವರನ್ನು 'ಬಿಲೆಟ್' ಕುಟುಂಬ ಎನ್ನುತ್ತಾರೆ. ಹೀಗಾಗಿ ಆಟಗಾರ ಹೊರಗಿನವನಾಗಿ ಉಳಿಯದೆ ಆ ಮನೆಯ ಮಗನೇ ಆಗಿಬಿಡುತ್ತಾನೆ.

1970ರಲ್ಲಿ ಹುಟ್ಟಿದ ತಂಡ

ಸಸ್ಕಟೂನ್ ನಗರದಿಂದ ಪೂರ್ವಕ್ಕೆ ಸುಮಾರು 110 ಕಿಲೋಮೀಟರ್ ದೂರದಲ್ಲಿದೆ ಹಂಬೋಲ್ಟ್. ಗೋಧಿ, ಕನೋಲಾ ಬೆಳೆಯುವ ಬಯಲು ಸೀಮೆ. ಜನಸಂಖ್ಯೆ ಸುಮಾರು ಆರು ಸಾವಿರ. 1970ರಲ್ಲಿ ಇಲ್ಲಿ ಶುರುವಾದ ತಂಡಕ್ಕೆ ಬ್ರಾಂಕೋಸ್ ಎಂದು ಹೆಸರಿಟ್ಟರು. ಬ್ರಾಂಕೋ ಎಂದರೆ ಪಳಗದ ಕುದುರೆ.

ಈ ತಂಡಕ್ಕೆ ಒಬ್ಬ ಮಾಲೀಕನಿಲ್ಲ, ಊರೇ ಮಾಲೀಕ. ಸ್ವಯಂಸೇವಕರ ಮಂಡಳಿ ಅದನ್ನು ನಡೆಸುತ್ತದೆ. ತಂಡದ ಒಳಾಂಗಣ ಕ್ರೀಡಾಂಗಣಕ್ಕೂ ಯಾವ ಕಂಪನಿಯ ಹೆಸರಿಲ್ಲ. ದಶಕಗಳ ಕಾಲ ತಂಡಕ್ಕಾಗಿ ದುಡಿದ ಸ್ವಯಂಸೇವಕ ಎಲ್ಗರ್ ಪೀಟರ್ಸನ್ ಅವರ ಹೆಸರಿಟ್ಟಿದ್ದಾರೆ. ಇಷ್ಟು ಸಣ್ಣ ಊರಿನ ತಂಡ 2003 ಮತ್ತು 2008ರಲ್ಲಿ ಜೂನಿಯರ್ ಎ ರಾಷ್ಟ್ರೀಯ ಚಾಂಪಿಯನ್ ಆಯಿತು.

ಕೊಡಗಿನವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಆಟಗಾರ ಕಣಕ್ಕಿಳಿಯುವುದು ಮನೆತನದ ಹೆಸರಿನಲ್ಲಿ. ಹಂಬೋಲ್ಟ್ ಹುಡುಗರು ಇಳಿಯುವುದು ಊರಿನ ಹೆಸರಿನಲ್ಲಿ.

ಅಂದು ಆಗಿದ್ದೇನು?

ನಿಪಾವಿನ್ ಹಾಕ್ಸ್ ವಿರುದ್ಧದ ಸೆಮಿಫೈನಲ್ ಸರಣಿಯ ಐದನೇ ಪಂದ್ಯಕ್ಕೆ ಬಸ್ಸು ಹೊರಟಿತ್ತು. ಒಳಗೆ 29 ಮಂದಿ ಇದ್ದರು. 35 ಮತ್ತು 335ನೇ ಹೆದ್ದಾರಿ ಸೇರುವಲ್ಲಿ ಸರಕು ತುಂಬಿದ ಟ್ರಕ್ ಒಂದು 'ಸ್ಟಾಪ್' ಫಲಕ ದಾಟಿ ರಸ್ತೆಗೆ ಅಡ್ಡ ಬಂತು. ಮೃತರಲ್ಲಿ ಹತ್ತು ಮಂದಿ ಆಟಗಾರರು. ಮುಖ್ಯ ಕೋಚ್, ಸಹಾಯಕ ಕೋಚ್, ಥೆರಪಿಸ್ಟ್, ಬಸ್ ಚಾಲಕ, ರೇಡಿಯೋ ವೀಕ್ಷಕ ವಿವರಣೆಗಾರ, ಅಂಕಿಅಂಶ ಬರೆದುಕೊಳ್ಳುತ್ತಿದ್ದ ಯುವಕ ಕೂಡ ಹೋದರು.

ಎಲ್ಲರ ಕೂದಲೂ ಒಂದೇ ಬಣ್ಣ. ಆ ಗೊಂದಲದಲ್ಲಿ ಇಬ್ಬರು ಆಟಗಾರರ ಗುರುತು ಅದಲು ಬದಲಾಯಿತು. ಸತ್ತನೆಂದು ತಿಳಿದಿದ್ದ ಹುಡುಗ ಬದುಕಿದ್ದ, ಬದುಕಿದ್ದಾನೆ ಎಂದುಕೊಂಡಿದ್ದ ಹುಡುಗ ತೀರಿಕೊಂಡಿದ್ದ. ಎರಡೂ ಕುಟುಂಬಗಳಿಗೆ ಇದು ಗೊತ್ತಾಗಿದ್ದು ಕೆಲ ದಿನಗಳ ಬಳಿಕ.

ಆ ವಾರ ಕೆನಡಾದ ಜನ ಮನೆ ಬಾಗಿಲಿನ ಹೊರಗೆ ಹಾಕಿ ಸ್ಟಿಕ್ ಇಟ್ಟು, ದೀಪ ಹಚ್ಚಿದರು. ಆನ್‌ಲೈನ್‌ನಲ್ಲಿ 1.5 ಕೋಟಿ ಕೆನಡಾ ಡಾಲರ್‌ಗೂ ಹೆಚ್ಚು ದೇಣಿಗೆ ಸಂಗ್ರಹವಾಯಿತು. ಮೃತ ಆಟಗಾರ ಲೋಗನ್ ಬುಲೇ 21 ತುಂಬಿದ ಹೊಸತರಲ್ಲೇ ಅಂಗಾಂಗ ದಾನಕ್ಕೆ ಹೆಸರು ಕೊಟ್ಟಿದ್ದ. ಅವನ ಅಂಗಗಳು ಆರು ಮಂದಿಗೆ ನೆರವಾದವು. ಈ ಸುದ್ದಿ ಹರಡುತ್ತಿದ್ದಂತೆ ಲಕ್ಷದಷ್ಟು ಕೆನಡಿಯನ್ನರು ದಾನಿಗಳಾಗಿ ನೋಂದಾಯಿಸಿಕೊಂಡರು. ಏಪ್ರಿಲ್ 7ರಂದು ಅಲ್ಲಿ ಹಸಿರು ಅಂಗಿ ತೊಟ್ಟು ಅವನನ್ನು ನೆನೆಯುತ್ತಾರೆ.

ಐದೇ ತಿಂಗಳಲ್ಲಿ ಮತ್ತೆ ಕಣಕ್ಕೆ

ತಂಡವನ್ನು ಮುಚ್ಚಬೇಕೇ ಎಂಬ ಪ್ರಶ್ನೆಗೆ ಊರು ಆಡಿಯೇ ಉತ್ತರಿಸಿತು. 2018ರ ಸೆಪ್ಟೆಂಬರ್ 12ರಂದು ತವರಿನ ಮೊದಲ ಪಂದ್ಯ. ಎದುರಾಳಿ ಅದೇ ನಿಪಾವಿನ್. ಬದುಕುಳಿದವರಲ್ಲಿ ಇಬ್ಬರು ಮತ್ತೆ ಬ್ರಾಂಕೋಸ್ ಜರ್ಸಿ ತೊಟ್ಟು ಬಂದರು. ಹಂಬೋಲ್ಟ್ 2-1ರಿಂದ ಸೋತಿತು. ಆದರೆ ಆ ರಾತ್ರಿ ಯಾರೂ ಸೋಲು ಗೆಲುವಿನ ಲೆಕ್ಕ ಇಡಲು ಬಂದಿರಲಿಲ್ಲ.

ಬದಲಾದ ನಿಯಮಗಳು

ಟ್ರಕ್ ಚಾಲಕ ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಎರಡು ವಾರ ತರಬೇತಿ ಪಡೆದು ಒಬ್ಬನೇ ರಸ್ತೆಗಿಳಿದಿದ್ದ. ಇಂತಿಷ್ಟು ಗಂಟೆ ಕಲಿಯಲೇಬೇಕು ಎಂಬ ಕಾನೂನು ಆಗ ಆ ಪ್ರಾಂತ್ಯದಲ್ಲಿ ಇರಲಿಲ್ಲ. 2019ರ ಮಾರ್ಚ್‌ನಿಂದ ಭಾರಿ ಟ್ರಕ್ ಚಾಲಕರಿಗೆ 121.5 ಗಂಟೆಗಳ ತರಬೇತಿ ಅಲ್ಲಿ ಕಡ್ಡಾಯವಾಯಿತು. 2020ರ ಸೆಪ್ಟೆಂಬರ್‌ನಿಂದ ಕೆನಡಾದಲ್ಲಿ ಹೆದ್ದಾರಿಗಿಳಿಯುವ ಹೊಸ ದೊಡ್ಡ ಬಸ್‌ಗಳಿಗೆ ಸೀಟ್ ಬೆಲ್ಟ್ ಕೂಡ ಕಡ್ಡಾಯ. ಅದೇ ಕ್ರಾಸ್‌ನಲ್ಲಿ 1997ರಲ್ಲೂ ಆರು ಮಂದಿ ಸತ್ತಿದ್ದರು. ನಿಯಮ ಬದಲಾಗಲು ಇನ್ನೂ 16 ಜೀವ ಹೋಗಬೇಕಾಯಿತು.

2022ರೊಂದರಲ್ಲೇ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಮಂದಿಯನ್ನು ಕಳೆದುಕೊಂಡ ನಮ್ಮ ದೇಶಕ್ಕೂ ಇದು ದೂರದ ಪಾಠವಲ್ಲ.

ಭಾರತದ ನಂಟು

ಆ ಚಾಲಕ ಭಾರತದಿಂದ ಹೋಗಿ ಕೆನಡಾದ ಕಾಯಂ ನಿವಾಸಿಯಾಗಿದ್ದ ಯುವಕ. ಮದ್ಯ ಕುಡಿದಿರಲಿಲ್ಲ, ಫೋನ್ ಬಳಸುತ್ತಿರಲಿಲ್ಲ. ಸರಕಿನ ಮೇಲೆ ಹೊದಿಸಿದ್ದ ಟಾರ್ಪಾಲು ಹಾರಾಡುತ್ತಿದ್ದುದರ ಕಡೆ ಗಮನ ಹೋಗಿ ಫಲಕಗಳನ್ನು ನೋಡಲಿಲ್ಲ ಎಂಬುದು ನ್ಯಾಯಾಲಯದಲ್ಲಿ ಹೊರಬಂದ ವಿಷಯ. ವಿಚಾರಣೆಗೆ ಎಳೆಯದೆ ಎಲ್ಲ 29 ಆರೋಪಗಳನ್ನೂ ಆತ ಒಪ್ಪಿಕೊಂಡ. 2019ರ ಮಾರ್ಚ್‌ನಲ್ಲಿ ಎಂಟು ವರ್ಷ ಜೈಲು ಶಿಕ್ಷೆಯಾಯಿತು. ನಂತರ ಪರೋಲ್ ಸಿಕ್ಕಿತು. 2024ರ ಮೇನಲ್ಲಿ ಭಾರತಕ್ಕೆ ಗಡೀಪಾರು ಮಾಡಲು ಆದೇಶವಾಯಿತು.

ಇದರ ಬಗ್ಗೆ ಮೃತರ ಕುಟುಂಬಗಳಲ್ಲಿ ಒಮ್ಮತವಿಲ್ಲ. ಕೆಲವರು ಅವನನ್ನು ಕ್ಷಮಿಸಿದ್ದಾರೆ, ಕೆನಡಾದಲ್ಲೇ ಇರಲಿ ಎಂದಿದ್ದಾರೆ. ಕಾನೂನಿನಂತೆ ವಾಪಸ್ ಕಳಿಸಲೇಬೇಕು ಎಂದವರೂ ಇದ್ದಾರೆ. ಮಗನನ್ನು ಕಳೆದುಕೊಂಡವರ ಎರಡೂ ಮಾತಿಗೆ ತೂಕವಿದೆ.

ಹಂಬೋಲ್ಟ್‌ನಲ್ಲಿ ಈಗಲೂ ಚಳಿಗಾಲ ಹತ್ತಿರ ಬಂದಂತೆ ಹೊಸ ಹುಡುಗರು ಬ್ಯಾಗು, ಸ್ಟಿಕ್ಕು ಹಿಡಿದು ಬಂದಿಳಿಯುತ್ತಾರೆ. ಯಾರದೋ ಮನೆಯಲ್ಲಿ ಅವರಿಗೊಂದು ಕೋಣೆ ಸಿದ್ಧವಾಗಿರುತ್ತದೆ.