ಹತ್ತು ಯಂತ್ರಗಳಿಗೆ ಒಂದೇ ಡಿಸ್ಕ್

ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1962ರಲ್ಲಿ. ಅದೇ ದಶಕದ ನಡುಭಾಗದಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದವರು ಸಿಪಿ-40 ಎಂಬ ವ್ಯವಸ್ಥೆ ಕಟ್ಟಿದರು. ಇದ್ದದ್ದು ಒಂದೇ ಕಂಪ್ಯೂಟರ್. ಆದರೆ ಅದರ ಮುಂದೆ ಕೂತ ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮೊಬ್ಬರದೇ ಎನ್ನಿಸುತ್ತಿತ್ತು. ವರ್ಚುವಲ್ ಮೆಷೀನ್, ಅಂದರೆ ವಿಎಂ, ಹುಟ್ಟಿದ್ದು ಹೀಗೆ. ಆಗ ಕೋಟ್ಯಧಿಪತಿ ಕಂಪನಿಗಳಿಗಷ್ಟೇ ಎಟುಕುತ್ತಿದ್ದ ಈ ಸೌಲಭ್ಯ ಇವತ್ತು ವರ್ಚುವಲ್‌ಬಾಕ್ಸ್, ಕೆವಿಎಂನಂಥ ಉಚಿತ ತಂತ್ರಾಂಶಗಳ ರೂಪದಲ್ಲಿ ಯಾವ ಕಾಲೇಜಿಗಾದರೂ ಸಿಗುತ್ತದೆ. ಮದ್ದೂರಿನಿಂದಲೋ ಬಂಡೂರಿನಿಂದಲೋ ಬಂದ ವಿದ್ಯಾರ್ಥಿ ಒಂದೇ ಪಿಸಿಯಲ್ಲಿ ಸರ್ವರ್, ಕ್ಲೈಂಟ್, ಫೈರ್‌ವಾಲ್ ಮೂರನ್ನೂ ನಿಲ್ಲಿಸಿ, ಕೆಡಿಸಿ, ಮತ್ತೆ ಕಟ್ಟಿ ಕಲಿಯಬಹುದು. ಕಡಿಮೆ ದುಡ್ಡಿನ ಪ್ರಯೋಗಾಲಯಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ತೊಡಕು ಶುರುವಾಗುವುದು ಎಲ್ಲ ವಿಎಂಗಳೂ ಒಟ್ಟಿಗೆ ಎದ್ದಾಗ. ಒಂದೊಂದೂ ತೆವಳತೊಡಗುತ್ತದೆ. ಪ್ರೊಸೆಸರ್ ಹಳೆಯದಾಯಿತು, ಹೊಸ ಯಂತ್ರ ಬೇಕು ಎಂಬ ಮಾತು ಆಗಲೇ ಬರುತ್ತದೆ. ಹೆಚ್ಚಿನ ಸಲ ಅದು ತಪ್ಪು ರೋಗನಿರ್ಣಯ.

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮಳವಳ್ಳಿ ರೈತರಿಗೆ ಇದರ ತರ್ಕ ಹೇಳಿಕೊಡಬೇಕಿಲ್ಲ: ಕನ್ನಂಬಾಡಿಯಲ್ಲಿ ನೀರು ತುಂಬಿದ್ದರೂ ಮೇಲಿನ ತೂಬುಗಳೆಲ್ಲ ಒಟ್ಟಿಗೆ ತೆರೆದುಕೊಂಡರೆ ಕೊನೆಯ ಗದ್ದೆ ಒಣಗುತ್ತದೆ. ಪಿಸಿಯೊಳಗೆ ಆ ನಾಲೆ ಎಂದರೆ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತು ಮುಗಿಸಲು ಸುಮಾರು 8.3 ಮಿಲಿಸೆಕೆಂಡು ಬೇಕು. ಓದುವ ತಲೆ ಅತ್ತಿಂದಿತ್ತ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರು ಸಲ ಓದುವುದೇ ಹೆಚ್ಚು. ಹತ್ತು ವಿಎಂ ಒಟ್ಟಿಗೆ ಬೂಟ್ ಆದರೆ ಒಂದೊಂದಕ್ಕೆ ಸಿಗುವುದು ಹತ್ತೇ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಇರುವ ಹಣದಲ್ಲಿ ಒಂದನ್ನೇ ಕೊಳ್ಳಬಹುದಾದರೆ ಎಸ್‌ಎಸ್‌ಡಿಯನ್ನೇ ಕೊಳ್ಳಬೇಕು.

ಅದನ್ನು ಕೊಳ್ಳುವ ಮೊದಲೇ ಖರ್ಚಿಲ್ಲದೆ ಮಾಡಬಹುದಾದದ್ದೂ ಬಹಳಷ್ಟಿದೆ. ಒಂದೇ ಉಬುಂಟುವನ್ನು ಹತ್ತು ವಿಎಂಗೆ ಹತ್ತು ಸಲ ನಕಲು ಮಾಡುವುದು ಜಾಗಕ್ಕೂ ಹೊತ್ತಿಗೂ ನಷ್ಟ. ಬದಲಿಗೆ ಒಂದು ಮೂಲ ಪ್ರತಿಯನ್ನು ಯಾರೂ ತಿದ್ದದಂತೆ ಇಟ್ಟು, ಪ್ರತಿ ವಿಎಂ ತಾನು ಬದಲಿಸಿದ್ದನ್ನಷ್ಟೇ ಬೇರೆ ಫೈಲಿನಲ್ಲಿ ಬರೆದುಕೊಳ್ಳುವಂತೆ ಮಾಡಬಹುದು. ಇದಕ್ಕೆ ಲಿಂಕ್ಡ್ ಕ್ಲೋನ್ ಎನ್ನುತ್ತಾರೆ. ಮೂಲ ಪ್ರತಿ ಒಮ್ಮೆ ಡಿಸ್ಕಿನಿಂದ ರ‍್ಯಾಮ್‌ಗೆ ಬಂದರೆ ಉಳಿದ ವಿಎಂಗಳೂ ಅಲ್ಲಿಂದಲೇ ಓದಿಕೊಳ್ಳಬಹುದು. ಪರೀಕ್ಷೆ ಮುಗಿದ ಮೇಲೆ ಆ ಚಿಕ್ಕ ಫೈಲನ್ನು ಅಳಿಸಿ ಹೊಸದನ್ನು ತೆರೆದರೆ ಕೆಲವೇ ಕ್ಷಣಗಳಲ್ಲಿ ಹೊಚ್ಚಹೊಸ ಯಂತ್ರ ಸಿದ್ಧ.

ರ‍್ಯಾಮ್ ವಿಷಯದಲ್ಲಿ ದುರಾಸೆ ಕೂಡದು. 16 ಜಿಬಿ ಇರುವಲ್ಲಿ ತಲಾ 4 ಜಿಬಿಯಂತೆ ನಾಲ್ಕು ವಿಎಂಗೆ ಹಂಚಿದರೆ ಮೂಲ ಯಂತ್ರಕ್ಕೆ ಏನೂ ಉಳಿಯದು. ಅದು ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸಲು ಹೋಗಿ ಮತ್ತದೇ ಸರದಿಯಲ್ಲಿ ನಿಲ್ಲುತ್ತದೆ. ಪ್ರೊಸೆಸರ್ ಕೋರ್‌ಗಳದೂ ಅದೇ ಕತೆ. ಪರೀಕ್ಷೆಯ ವಿಎಂಗೆ ಒಂದೆರಡು ಕೋರ್ ಸಾಕು.

ಇನ್ನೊಂದು ಚಿಕ್ಕ ಸಂಗತಿಯನ್ನು ಎಷ್ಟೋ ಕಡೆ ಯಾರೂ ನೋಡುವುದೇ ಇಲ್ಲ. ವಿಎಂಗೆ ನೆರವಾಗುವ ಸೌಲಭ್ಯವನ್ನು ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರ್‌ಗೇ ಸೇರಿಸಿದವು. ಆದರೂ ಕೆಲವು ಪಿಸಿಗಳ ಬಯೋಸ್‌ನಲ್ಲಿ ಅದು ಆಫ್ ಆಗಿಯೇ ಇರುತ್ತದೆ. ವರ್ಚುವಲ್‌ಬಾಕ್ಸ್‌ನ ಪಟ್ಟಿಯಲ್ಲಿ 64 ಬಿಟ್ ಆಯ್ಕೆ ಕಾಣದಿದ್ದರೆ ಮೊದಲು ಹುಡುಕಬೇಕಾದ ಜಾಗ ಅದೇ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ನಿಧಾನ ಉಳಿಯುತ್ತದೆ. ಮಂಡ್ಯದಿಂದ ನೂರು ಕಿಲೋಮೀಟರ್ ಆಚೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬೆನ್ನು ಹತ್ತಿದ್ದು ಅದನ್ನೇ. ತಂತ್ರಾಂಶ ಕೇಳುವ ಮೆಮೊರಿ ವಿಳಾಸವನ್ನು ರ‍್ಯಾಮ್‌ನ ನಿಜವಾದ ವಿಳಾಸಕ್ಕೆ ಬದಲಿಸಲು ಕಂಪ್ಯೂಟರ್ ಕೋಷ್ಟಕಗಳನ್ನು ತಿರುವಿ ಹಾಕುತ್ತದೆ. ಮಾಮೂಲಿ ಯಂತ್ರದಲ್ಲಿ ಇದಕ್ಕೆ ಹೆಚ್ಚೆಂದರೆ 4 ಸಲ ಮೆಮೊರಿ ನೋಡಬೇಕು. ವಿಎಂ ಒಳಗೆ ವಿಳಾಸ ಎರಡು ಹಂತದಲ್ಲಿ ಬದಲಾಗುವುದರಿಂದ ಅದು 24ರವರೆಗೆ ಏರಬಹುದು. ಅಶೀಶ್ ಪನ್ವರ್, ಅರ್ಕಪ್ರವ ಬಸು, ಕೆ. ಗೋಪಿನಾಥ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ವಿಮೈಟೋಸಿಸ್ ಎಂಬ ಕೆಲಸ, ಹಲವು ಪ್ರೊಸೆಸರ್‌ಗಳ ದೊಡ್ಡ ಸರ್ವರ್‌ನಲ್ಲಿ ಈ ಕೋಷ್ಟಕ ದೂರದ ಮೆಮೊರಿಯಲ್ಲಿ ಕೂತುಬಿಟ್ಟರೆ ಓಟ 3.1 ಪಟ್ಟಿನವರೆಗೆ ನಿಧಾನವಾಗುತ್ತದೆಂದು ತೋರಿಸಿತು. ಕೋಷ್ಟಕವನ್ನೇ ಹತ್ತಿರಕ್ಕೆ ಸಾಗಿಸುವುದು, ಇಲ್ಲವೇ ಅದರ ಪ್ರತಿಗಳನ್ನು ಹತ್ತಿರ ಇಡುವುದು ಅವರು ಕಂಡುಕೊಂಡ ದಾರಿ.

ಕಾಲೇಜಿನ ಪಿಸಿಯಲ್ಲಿ ಇರುವುದು ಒಂದೇ ಪ್ರೊಸೆಸರ್, ಹಾಗಾಗಿ ಆ ದೂರದ ಸಮಸ್ಯೆ ಅಲ್ಲಿಲ್ಲ. ಎರಡು ಹಂತದ ಹುಡುಕಾಟವಂತೂ ಇದ್ದೇ ಇದೆ. ಮೆಮೊರಿಯನ್ನು ಪುಟಗಳೆಂಬ ತುಣುಕುಗಳಾಗಿ ಹಂಚುತ್ತಾರೆ; 4 ಕೆಬಿ ಪುಟಗಳ ಬದಲು 2 ಎಂಬಿಯ ದೊಡ್ಡ ಪುಟ ಬಳಸಿದರೆ ಕೋಷ್ಟಕದ ಒಂದೇ ಸಾಲು 512 ಪುಟಗಳ ಕೆಲಸ ಮಾಡಿ ಆ ಹೊರೆ ತಗ್ಗುತ್ತದೆ. ಲಿನಕ್ಸ್ 2011ರಿಂದ ಇದನ್ನು ತಾನಾಗಿಯೇ ಮಾಡಬಲ್ಲದು. ಬೇರೆ ಬೇರೆ ವಿಎಂಗಳಲ್ಲಿರುವ ಒಂದೇ ತೆರನ ಪುಟಗಳನ್ನು ಒಂದುಗೂಡಿಸಿ ರ‍್ಯಾಮ್ ಉಳಿಸುವ ಕೆಎಸ್‌ಎಂ ಎಂಬ ಸೌಲಭ್ಯ 2009ರಲ್ಲೇ ಬಂದಿತ್ತು. ಆದರೆ ಅದು ನೋಡುವುದು 4 ಕೆಬಿಯ ತುಣುಕುಗಳನ್ನು. ಒಂದುಗೂಡಿಸಲು ದೊಡ್ಡ ಪುಟವನ್ನು ಒಡೆಯುತ್ತದೆ. ಒಂದೇ ಬಗೆಯ ಚಿಕ್ಕ ವಿಎಂಗಳನ್ನು ಸಾಲಾಗಿ ನಿಲ್ಲಿಸುವ ಪ್ರಯೋಗಾಲಯಕ್ಕೆ ಕೆಎಸ್‌ಎಂ ಹೊಂದುತ್ತದೆ, ಒಂದು ದೊಡ್ಡ ಡೇಟಾಬೇಸನ್ನು ಪರೀಕ್ಷಿಸುವವರಿಗೆ ದೊಡ್ಡ ಪುಟಗಳು.