ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು

ಪರೀಕ್ಷೆಯ ದಿನ ಮಗು ಹೊಟ್ಟೆನೋವು ಎಂದರೆ ನೆಪವೆಂದು ಗದರಿಸಬೇಡಿ. ಆತಂಕದಿಂದ ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ, ನೋವು ನಿಜವೇ. ಯುನಾನಿ ವೈದ್ಯಪದ್ಧತಿ ಹೇಳುವ ಆರೋಗ್ಯದ ಆರು ಅಗತ್ಯಗಳಲ್ಲಿ ಗಾಳಿ, ಆಹಾರಗಳ ಜೊತೆ ಮನಸ್ಸಿನ ವಿಶ್ರಾಂತಿಯೂ ಸೇರಿದೆ.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂರು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಐದು ಎಣಿಸುವಷ್ಟು ಹೊತ್ತು, ಬಿಸಿ ಚಹಾ ಆರಿಸುವಂತೆ ಮೆಲ್ಲಗೆ ಬಿಡಲಿ. ಉಸಿರು ಬಿಡುವಾಗ ಹೃದಯದ ಬಡಿತ ನಿಧಾನವಾಗುತ್ತದೆ. ಆದ್ದರಿಂದ ಬಿಡುವುದೇ ದೀರ್ಘವಾಗಿರಬೇಕು. ಐದಾರು ಸಲ ಸಾಕು. ಪಕ್ಕದ ಮನೆಯ ಹುಡುಗನ ಅಂಕಗಳ ಮಾತು ಆಗ ಬೇಡವೇ ಬೇಡ.

ಪರೀಕ್ಷೆಯ ದಿನವೇ ಮೊದಲ ಸಲ ಕಲಿಸಿದರೆ ಪ್ರಯೋಜನ ಕಡಿಮೆ. ವಾರ ಮೊದಲೇ, ಇಶಾ ನಮಾಝಿನ ಬಳಿಕ ನೀವೂ ಜೊತೆಗೆ ಕೂತು ಅಭ್ಯಾಸ ಮಾಡಿಸಿ. ನೋವಿನೊಂದಿಗೆ ಜ್ವರ, ವಾಂತಿ ಇದ್ದರೆ, ಭಯದಿಂದ ಶಾಲೆ ಪದೇ ಪದೇ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಿ.