ಪಟ್ಟಿಗೆ ಪೆಟ್ಟಾಗದಂತೆ ಬುಶ್ ಬಿಡಿಸುವವರು

ಕೃಷ್ಣಾ, ದೂಧಗಂಗಾ ನದಿಗಳ ನೀರುಂಡ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕಬ್ಬಿನ ಸೀಮೆ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಇರುವುದೂ ಇಲ್ಲೇ. ತಂಬಾಕಿಗೆ ಹೆಸರಾದ ನಿಪ್ಪಾಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ಓಡಾಟವೂ ಸೇರಿಕೊಳ್ಳುತ್ತದೆ. ಹೊಲದ ಗಾಡಿದಾರಿಯಿಂದ ಕಾರ್ಖಾನೆಯ ತೂಕದ ಕಾಟಾವರೆಗೆ ಕಬ್ಬಿನ, ಸರಕಿನ ಭಾರವನ್ನೆಲ್ಲ ಹೊರುವುದು ವಾಹನದ ಅಡಿಯ ಕಮಾನ್ ಪಟ್ಟಿ, ಜನರ ಬಾಯಲ್ಲಿ ‘ಪಾಟಾ’.

ಪಾಟಾದ ಮುಖ್ಯ ಪಟ್ಟಿಯ ಎರಡೂ ತುದಿ ಸುರುಳಿಯಾಗಿ ಬಾಗಿರುತ್ತವೆ. ಆ ಸುರುಳಿಯೊಳಗೆ ಕೊಳವೆಯಂಥ ಬುಶ್, ಬುಶ್ಶಿನೊಳಗೆ ಪಿನ್ನು. ಭಾರಿ ಲಾರಿಗಳಲ್ಲಿ ಹೆಚ್ಚಾಗಿ ಗನ್‌ಮೆಟಲ್ ಬುಶ್, ಜೀಪು–ಪಿಕಪ್‌ಗಳಲ್ಲಿ ರಬ್ಬರಿನದು. ಗ್ರೀಸು ಕಾಣದ ಗನ್‌ಮೆಟಲ್ ಬುಶ್ಶಿಗೆ ಕೆಸರು, ಧೂಳು ಹೊಕ್ಕರೆ ಬೇಗ ಸವೆಯುತ್ತದೆ. ಆಗ ತಗ್ಗು ಬಂದಾಗಲೆಲ್ಲ ಕಟಕಟ ಸದ್ದು. ಅಲಕ್ಷ್ಯ ಮಾಡಿದರೆ ಆಕ್ಸಲ್ ಜಾಗ ಬಿಡುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ.

ಹೊಸ ಬುಶ್ ಕೂಡಿಸುವುದಕ್ಕಿಂತ ಹಳೆಯದನ್ನು ಬಿಡಿಸುವುದೇ ಮಿಸ್ತ್ರಿಯ ಕೈಗೆ ಪರೀಕ್ಷೆ. ಮೊದಲು ಗಾಲಿಗಳಿಗೆ ಅಡ್ಡ ಕೊಟ್ಟು, ಚಾಸಿಯನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಾಟಾದ ಮೇಲಿನ ಭಾರ ಇಳಿಸಬೇಕು. ಬರೀ ಜಾಕನ್ನು ನಂಬಿ ಕೆಳಗೆ ನುಸುಳುವುದು ಜೀವಕ್ಕೇ ಅಪಾಯ. ಪಿನ್ನು ಕಳಚಿದ ಮೇಲೆ ಸುರುಳಿಯ ಒಂದು ಬದಿಗೆ ಬುಶ್ಶಿಗಿಂತ ತುಸು ಸಣ್ಣ ವಾಶರ್, ಇನ್ನೊಂದು ಬದಿಗೆ ಬುಶ್ಶಿಗಿಂತ ದೊಡ್ಡ ಪೈಪಿನ ತುಂಡು ಇಟ್ಟು, ನಡುವೆ ಉದ್ದನೆಯ ಬೋಲ್ಟು ತೂರಿಸಿ ನಟ್ಟು ಬಿಗಿಯುತ್ತಾರೆ. ನಟ್ಟು ತಿರುಗಿದಂತೆ ಬುಶ್ ಇಷ್ಟಿಷ್ಟೇ ಸರಿದು ಪೈಪಿನೊಳಗೆ ಬರುತ್ತದೆ.

ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹ್ಯಾಕ್ಸಾ ಬ್ಲೇಡನ್ನು ಒಳಗೆ ತೂರಿಸಿ ಬುಶ್ಶಿನ ಕವಚವನ್ನು ಉದ್ದಕ್ಕೆ ಸೀಳಬೇಕು. ಕವಚ ತುಂಡಾದ ಕ್ಷಣವೇ ಕೈ ನಿಲ್ಲಬೇಕು. ಬ್ಲೇಡು ಪಟ್ಟಿಗೆ ತಾಗಿ ಗೀರು ಮೂಡಿದರೆ ಮುಂದೆ ಪಟ್ಟಿ ಮುರಿಯುವುದು ಅಲ್ಲಿಂದಲೇ. ಗ್ಯಾಸಿನ ಬೆಂಕಿ ಹಿಡಿದರೆ ಕೆಲಸ ಬೇಗ ಮುಗಿದೀತು. ಆದರೆ ಉಕ್ಕು ಕೆಂಪಗೆ ಕಾದರೆ ಅದರ ಹದವೇ ಹೋಗುತ್ತದೆ, ಸುಟ್ಟ ರಬ್ಬರಿನ ಹೊಗೆ ಎದೆಗೆ ಇಳಿಯುತ್ತದೆ.

ಕೂಡಿಸುವಾಗಲೂ ಕ್ರಮವಿದೆ. ಗನ್‌ಮೆಟಲ್ ಬುಶ್ಶಿಗೆ ಗ್ರೀಸು ಬೇಕೇ ಬೇಕು. ಸಾಮಾನ್ಯ ರಬ್ಬರಿಗೆ ಅದೇ ಗ್ರೀಸು ವೈರಿ, ಸಾಬೂನು ನೀರು ಸಾಕು. ರಬ್ಬರ್ ಬುಶ್ಶಿನ ಬೋಲ್ಟನ್ನು ಪೂರ್ತಿ ಬಿಗಿಯುವುದು ಗಾಡಿ ತನ್ನ ಗಾಲಿಗಳ ಮೇಲೆ ನಿಂತ ಬಳಿಕವೇ. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ದುಡಿದು ಬೇಗ ಹರಿಯುತ್ತದೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಎಲ್ಲರಿಗೂ ಗಾಡಿ ಇವತ್ತೇ ಬೇಕು. ಆ ಅವಸರವೇ ಮಿಸ್ತ್ರಿಯ ಕೈಗೆ ಬೆಂಕಿ, ದೊಡ್ಡ ಸುತ್ತಿಗೆ ಕೊಡುವುದು. ಮಾಲೀಕರು ಹಂಗಾಮಿಗೆ ಮುಂಚೆಯೇ ಗಾಡಿ ತಂದು ಬಿಟ್ಟರೆ, ತಾಳ್ಮೆಯ ಕೆಲಸಕ್ಕೆ ತಕ್ಕ ಕೂಲಿ ಕೊಟ್ಟರೆ ಪಟ್ಟಿಯೂ ಉಳಿಯುತ್ತದೆ, ಮಿಸ್ತ್ರಿಯ ಆರೋಗ್ಯವೂ ಉಳಿಯುತ್ತದೆ.